ಕೌದಿಯ ಬೆನ್ನಿಗೊಂದು ಹೆಸರು

ನಮ್ಮ ಶಿರಸಿ ಕಡೆ ಯಾವ ಮನೆಗೆ ಹೋದರೂ ಪೆಟ್ಟಿಗೆಯಲ್ಲಿ ಬಟ್ಟೆ ತುಂಡು ಸೇರಿಸಿ ಹೊಲಿದ ಒಂದು ಹಳೆ ಕೌದಿ ಸಿಗುತ್ತದೆ. ಅದರಲ್ಲಿರೋ ಹಸಿರು ಸೀರೆ ಯಾರದ್ದು ಅಂತ ಕೇಳಿ, ಥಟ್ ಅಂತ ಹೇಳುತ್ತಾರೆ. ಹೊಲಿದದ್ದು ಯಾರು ಅಂತ ಕೇಳಿದರೆ ಮಾತ್ರ "ದೊಡ್ಡಮ್ಮ ಇರಬೇಕು", "ಅಲ್ಲ, ಅತ್ತೆ" ಅಂತ ಜಗಳ ಶುರು. ಅದಕ್ಕೇ ಇವತ್ತು ಕೌದಿಗೆ ಲೇಬಲ್, ಕೈಯಲ್ಲೇ ಕಸೂತಿ ಮಾಡಿದ್ದು.

ಬಟ್ಟೆ ಇದೋ, ಹಳೆ ಪಂಚೆಯ ತುಂಡು. ಹೊಸ ಬಟ್ಟೆಯಾದರೆ ಮೊದಲು ಒಗೆದು ಒಣಗಿಸಿ. ಇಲ್ಲದಿದ್ದರೆ ಆಮೇಲೆ ಕುಗ್ಗಿ ಲೇಬಲ್ ಮುದುಡುತ್ತದೆ. ಬಟ್ಟೆ ಬಿಗಿಯಾಗಿ ಹಿಡಿಯುವ ಕಸೂತಿ ರಿಂಗಿಗೆ ಸಿಗುವಷ್ಟು ದೊಡ್ಡದಾಗೇ ಇಟ್ಟುಕೊಳ್ಳಿ, ಕತ್ತರಿಸುವುದು ಕೊನೆಗೆ.

ಕಸೂತಿ ದಾರದಲ್ಲಿ 6 ಎಳೆ ಇರುತ್ತವೆ. ಅಕ್ಷರಕ್ಕೆ 2 ಸಾಕು. ಒಂದು ಮೊಳಕ್ಕಿಂತ ಉದ್ದ ಬೇಡ, ಸುಮ್ನೆ ಗಂಟು ಬೀಳುತ್ತದೆ. ಕೆಂಪು ದಾರವಾದರೆ ಒದ್ದೆ ಮಾಡಿ ಬಿಳಿ ಬಟ್ಟೆ ಮೇಲೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಆ ದಾರ ಬೇಡ.

ಈಗ ನಿಜವಾದ ಕೆಲಸ. ವಿಡಿಯೋಗಳಲ್ಲೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಬ್ಯಾಕ್ ಸ್ಟಿಚ್, ಅಂದರೆ ಪ್ರತಿ ಸಲ ಸೂಜಿ ಹಿಂದಕ್ಕೆ ಚುಚ್ಚುವ ಹೊಲಿಗೆ, ಹಾಕುತ್ತಾರೆ. ಅವರದ್ದು ನೆಟ್ಟಗಿನ ಗೆರೆ ಜಾಸ್ತಿ, ನಡೆಯುತ್ತದೆ. ನಮ್ಮ ಅಕ್ಷರ ಪೂರ್ತಿ ದುಂಡು ಅಲ್ವಾ, ಬ್ಯಾಕ್ ಸ್ಟಿಚ್ ಉದ್ದವಾದರೆ ತಿರುವಿನಲ್ಲೆಲ್ಲ ಮೂಲೆ ಮೂಲೆಯಾಗಿ ಕಾಣುತ್ತದೆ. ನನ್ನ ಪ್ರಕಾರ ಕನ್ನಡಕ್ಕೆ ಸ್ಟೆಮ್ ಸ್ಟಿಚ್ಚೇ ಸರಿ. ನೋಡಿ, ಸೂಜಿ ಮುಂದೆ ಚುಚ್ಚಿ, ಹಿಂದಿನ ಹೊಲಿಗೆಯ ಅರ್ಧದ ಹತ್ತಿರ ಮೇಲೆ ತೆಗೆಯಬೇಕು. ದಾರ ಯಾವಾಗಲೂ ಒಂದೇ ಬದಿಗೆ. ಗೆರೆ ಹೊಸೆದ ಹಗ್ಗದ ಹಾಗೆ ಬರುತ್ತದೆ. ತಿರುವಿನಲ್ಲಿ ಹೊಲಿಗೆ ಇನ್ನೂ ಚಿಕ್ಕದು ಮಾಡಿ.

ಆಮೇಲೆ ಒತ್ತಕ್ಷರ. ಶಿರಸಿಯವರು ಪುಣ್ಯವಂತರು, ಊರಿನ ಹೆಸರಿಗೆ ಒತ್ತೇ ಇಲ್ಲ. ಕಾರವಾರ, ಕುಮಟಾದವರೂ ಪಾರು. ಯಲ್ಲಾಪುರ, ಸಿದ್ದಾಪುರ, ಹೊನ್ನಾವರದವರು ಅನುಭವಿಸಿ! ಸಾಲಿನ ನಡುವೆ ಜಾಗ ಬಿಡದಿದ್ದರೆ ಮೇಲಿನ ಒತ್ತು ಬಂದು ಕೆಳಗಿನ ಗುಡಿಸಿಗೆ ತಾಗುತ್ತದೆ. ಒತ್ತಿಗೆ ನಾನು ಒಂದೇ ಎಳೆ ಹಾಕುತ್ತೇನೆ. ನೀರಲ್ಲಿ ಹೋಗುವ ನೀಲಿ ಪೆನ್ನಲ್ಲಿ ಬರೆದುಕೊಂಡಿದ್ದರೆ ಮೊದಲು ತೊಳೆಯಿರಿ, ಆಮೇಲೆ ಇಸ್ತ್ರಿ. ಬಿಸಿ ತಾಗಿದರೆ ಗುರುತು ಕೂತುಬಿಡಬಹುದು.

ಏನು ಬರೆಯಬೇಕು? ಹೊಲಿದವರು, ಊರು, ವರ್ಷ. "ಪ್ರೀತಿಯಿಂದ" ಅಂತೆಲ್ಲ ಬೇಡ, ಅಷ್ಟು ಹೊಲಿದಿದ್ದಾರೆ ಅಂದರೆ ಗೊತ್ತಾಗುತ್ತದೆ. ಮನೆಯಲ್ಲಿ ಎಲ್ಲರೂ ಕರೆಯುವ ಹೆಸರನ್ನೂ ಹಾಕಿ. ಬರೀ "ಅಜ್ಜಿ" ಅಂತ ಬರೆದರೆ ಮುಂದಿನವರಿಗೆ ಯಾರ ಅಜ್ಜಿ ಅಂತ ಹೇಗೆ ಗೊತ್ತಾಗಬೇಕು? ಕೊಂಡ ಕೌದಿಯಾದರೆ ಹೊಲಿದವರನ್ನೇ ಕೇಳಿ, ಅವರ ಹೆಸರು ಬರೆಯಿರಿ.

ಹಚ್ಚುವುದು ಹಿಂಬದಿಗೆ, ಕೆಳಗಿನ ಮೂಲೆ ಹತ್ತಿರ. ಅಂಚನ್ನು ಅರ್ಧ ಇಂಚು ಒಳಗೆ ಮಡಚಿ, ಹಿಂಬದಿಯ ಪದರಕ್ಕೆ ಮಾತ್ರ ಸೂಜಿ ಸಿಗಿಸಿ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿದ ಕೌದಿಯಾದರೆ ಮೂಲೆಯಲ್ಲಿ ಮಡಚಿದ ಬಟ್ಟೆಯ ತ್ರಿಕೋನ ಇರುತ್ತದೆ. ಅದನ್ನು ಫುಲಾ ಅನ್ನುತ್ತಾರೆ. ಅವರು ಅಂಚಿನಿಂದ ಶುರು ಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ, ಮೂಲೆಗೆ ಈ ಫುಲಾ. ಅದನ್ನು ಮುಚ್ಚಬೇಡಿ. ಒಂದು ಗೇಣು ಒಳಗೆ ಹಚ್ಚಿ.

ಹಚ್ಚಿದ ಮೇಲೆ ಕೌದಿ ಒಗೆಯುವುದಿದ್ದರೆ ಮೇ ತಿಂಗಳಲ್ಲೇ ಮುಗಿಸಿ. ಮಳೆ ಹಿಡಿದ ಮೇಲೆ ನಮ್ಮೂರಲ್ಲಿ ಕೌದಿ ಒಣಗುವುದು ಉಂಟಾ?