ಹಲ್ಲುನೋವು ತಾನಾಗಿಯೇ ನಿಂತಿತಾ? ಹಾಗಿದ್ರೆ ಈ ವಿಡಿಯೋ ನೋಡಿ

[ದೃಶ್ಯ: ಅಡಿಕೆ ಸುಲಿಯುತ್ತಿರುವ ಅಂಗಳ]

ನಮಸ್ಕಾರ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಕೊಯ್ಲಿನ ಹೊತ್ತಲ್ಲಿ ದವಡೆ ಹಲ್ಲು ನೋಯ್ತು ಅಂದ್ರೆ, "ಕೊಯ್ಲು ಮುಗೀಲಿ, ಆಮೇಲೆ ಶಿವಮೊಗ್ಗಕ್ಕೆ ಹೋದ್ರಾಯ್ತು" ಅಂತಾರೆ. ಲವಂಗ ಕಚ್ಚಿ, ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಕೆಲಸಕ್ಕೆ ಇಳೀತಾರೆ. ಸ್ವಲ್ಪ ದಿನಕ್ಕೆ ನೋವೂ ನಿಲ್ಲುತ್ತೆ. ನನಗೆ ಭಯ ಆಗೋದು ಅಲ್ಲೇ.

[ಚಿತ್ರ: ಹುಳುಕಿನಿಂದ ಬೇರಿನ ತುದಿವರೆಗೆ ಹಲ್ಲಿನ ಒಳಭಾಗ]

ಹುಳುಕು ಒಳಗಿನ ನರಕ್ಕೆ ಮುಟ್ಟಿದ್ರೆ ನರ ಸಾಯುತ್ತೆ, ನೋವು ನಿಲ್ಲುತ್ತೆ. ಆದ್ರೆ ಸೋಂಕು ಬೇರಿನ ತುದಿ ದಾಟಿ ಮೂಳೆಯೊಳಗೆ ಕೀವು ಕಟ್ಟುತ್ತೆ. ಆಮೇಲೆ ಬರೋ ನೋವೇ ಬೇರೆ: ಮಲಗಿದ್ರೆ ಜಾಸ್ತಿ, ನಾಡಿ ಬಡಿದಂಗೆ ಪಟಪಟ ಅನ್ನುತ್ತೆ. ಅಗಿಯೋಕೆ ಹೋದ್ರೆ ಆ ಹಲ್ಲೊಂದೇ ಎತ್ತರ ಆದಂಗೆ ಅನ್ಸುತ್ತೆ. ಒಸಡಿನ ಗುಳ್ಳೆ ಒಡೆದು, ಬಾಯಿ ಕೆಟ್ಟ ರುಚಿಯಾಗಿ, ನೋವು ತಟ್ಟನೆ ಇಳಿದ್ರೆ ವಾಸಿಯಾಯ್ತು ಅಂದ್ಕೋಬೇಡಿ. ಕೀವಿಗೆ ಹೊರದಾರಿ ಸಿಕ್ಕಿದೆ, ಅಷ್ಟೆ.

ಬರೀ ಆಂಟಿಬಯೋಟಿಕ್ ಸಾಕಾಗಲ್ಲ ಯಾಕೆ? ಮಾತ್ರೆ ಹೋಗೋದು ರಕ್ತದ ಜೊತೆ. ನರ ಸತ್ತ ಹಲ್ಲಿನೊಳಗೆ ರಕ್ತವೇ ಓಡಲ್ಲ. ಊತ ಇಳಿದು ಮತ್ತೆ ಬರುತ್ತೆ. ಜ್ವರ ಇದ್ರೆ, ಊತ ಹರಡ್ತಿದ್ರೆ ಡಾಕ್ಟ್ರೇ ಬರೆದುಕೊಡ್ತಾರೆ. ಚಿಕಿತ್ಸೆ ಅಂದ್ರೆ ಎಕ್ಸ್-ರೇ ತೆಗೆದು, ಕೀವು ಬಸಿದು, ರೂಟ್ ಕೆನಾಲ್ (ಹಲ್ಲಿನೊಳಗಿನ ಸತ್ತ ನರ ತೆಗೆದು, ಸ್ವಚ್ಛ ಮಾಡಿ ತುಂಬೋದು) ಮಾಡೋದು, ಉಳಿಯದ ಹಲ್ಲಾದ್ರೆ ಕೀಳೋದು. "ಊತ ಇಳೀಲಿ, ಆಮೇಲೆ ಹೋಗೋಣ" ಅಂತ ಮನೇಲಿ ಕೂರಬೇಡಿ. ಊತ ಇರುವಾಗಲೇ ತೋರಿಸ್ಬೇಕು.

ಅಲ್ಲಿಯವರೆಗೆ ಉಗುರುಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿ. ಒಸಡಿಗೆ ಮಾತ್ರೆ ಪುಡಿ, ಹೊಗೆಸೊಪ್ಪು ಒತ್ತಬೇಡಿ. ಕೆನ್ನೆಗೆ ಬಿಸಿ ಶಾಖವೂ ಬೇಡ.

[ಪರದೆ ಮೇಲೆ ದೊಡ್ಡದಾಗಿ: 108]

ಗದ್ದದ ಕೆಳಗೆ, ನಾಲಿಗೆಯಡಿ ಊದಿಕೊಂಡ್ರೆ, ಎಂಜಲು ನುಂಗೋಕೆ, ಉಸಿರಾಡೋಕೆ ಕಷ್ಟ ಆದ್ರೆ, ಕಣ್ಣು ಮುಚ್ಚೋ ಹಾಗೆ ಬಾವು ಬಂದ್ರೆ, ಬೆಳಗಾಗ್ಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಶಿವಮೊಗ್ಗದ ಹತ್ತಿರ ಇದ್ರೆ ಮೆಗ್ಗಾನ್ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಸಕ್ಕರೆ ಕಾಯಿಲೆ ಇದ್ದೋರಿಗೆ ಸೋಂಕು ಬೇಗ ಹರಡುತ್ತೆ. ಎಲೆಅಡಿಕೆ ಹಾಕೋ ಹಿರಿಯರಿಗೆ ಇನ್ನೊಂದು ಮಾತು: ಅಡಿಕೆಯಿಂದ ಬಾಯಿ ಬಿಗಿಯೋದು ನಿಧಾನಕ್ಕೆ, ವರ್ಷಗಟ್ಟಲೆ. ಒಂದೆರಡು ದಿನದಲ್ಲೇ ಬಾಯಿ ತೆರೆಯೋಕಾಗದೇ ಹೋದ್ರೆ ಅದು ಕೀವಿನ ಕೆಲಸ ಇರಬಹುದು.

ಹೋಗುವಾಗ ಇದುವರೆಗೆ ನುಂಗಿದ ಮಾತ್ರೆಗಳ ಚೀಟಿ, ಖಾಲಿ ಸ್ಟ್ರಿಪ್ ಎಲ್ಲಾ ಜೊತೆಗಿರಲಿ. ರಕ್ತ ತೆಳುವಾಗೋ ಮಾತ್ರೆ ತಗೋತಿದ್ರೆ, ಗರ್ಭಿಣಿಯಾಗಿದ್ರೆ ಮೊದಲೇ ಹೇಳಿ.