ಜಗತ್ತಿನ ಕಣ್ಣಾದ ನಮ್ಮ ಠ, ಟೀಪಾಟ್ ಆದ ಸರ್ವರ್, ಮೂರು ಪಟ್ಟಾದ ಬಿಲ್ | ಚಿಗರಿ ಬಸ್ಸಿನಲ್ಲೊಂದು ವ್ಲಾಗ್

ಹಾಂ, ರೆಕಾರ್ಡ್ ಆಗ್ತಾ ಇದೆ. ನಮಸ್ಕಾರ್ರೀ ಎಲ್ಲರಿಗೂ. ಹುಬ್ಬಳ್ಳಿಯ ಹೊಸೂರಿನಲ್ಲಿ ಧಾರವಾಡಕ್ಕೆ ಹೋಗುವ ಚಿಗರಿ ಬಸ್ ಹತ್ತಿದ್ದು ನೀವೇ ನೋಡಿದಿರಿ, ಅದನ್ನ ಮತ್ತೆ ಹೇಳೋದಿಲ್ಲ. ಕಿಟಕಿ ಪಕ್ಕದ ಸೀಟು ಸಿಕ್ಕಿದೆ, ಧಾರವಾಡ ಬರೋವರೆಗೂ ನನಗೆ ಬೇರೆ ಕೆಲಸವಿಲ್ಲ. ವೆಬ್‌ಸೈಟ್ ಮಾಡೋದು ನನ್ನ ಹೊಟ್ಟೆಪಾಡು ಅಂತ ನಿಮಗೆ ಗೊತ್ತೇ ಇದೆ. ಆ ಕೆಲಸದ ನಡುವೆ ಏನೇನೋ ಕಣ್ಣಿಗೆ ಬೀಳುತ್ತವೆ. ಉಪಯೋಗಕ್ಕೆ ಬಾರದವು, ಆದರೆ ಬಿಟ್ಟು ಹೋಗಲು ಮನಸ್ಸು ಬಾರದವು. ಎಲ್ಲವನ್ನೂ ಒಂದು ಫೋಲ್ಡರ್‌ನಲ್ಲಿ ಕೂಡಿ ಹಾಕಿದ್ದೇನೆ. ಫೋಲ್ಡರ್ ಹೆಸರು 'ಸುಮ್ನೆ'. ಇವತ್ತು ಅದನ್ನೇ ತೆಗೆಯೋಣ.

ಮೊದಲನೆಯದು ಸ್ಕ್ರೀನ್ ಮೇಲಿದೆ ನೋಡಿ. ಠ_ಠ. ನೋಡಿದಿರಾ, ಹೆಂಗೆ ಗುರಾಯಿಸ್ತಿದೆ? ಇಂಗ್ಲಿಷ್ ಬರೆಯುವ ಮಂದಿ ಇಂಟರ್ನೆಟ್ ತುಂಬ ಇದನ್ನು ಬಳಸುತ್ತಾರೆ. ಯಾರಾದರೂ ತಲೆಕೆಟ್ಟ ಮಾತು ಆಡಿದರೆ ಕೆಳಗೆ ಇದನ್ನು ಅಂಟಿಸಿ ಸುಮ್ಮನಾಗುತ್ತಾರೆ. 'ಏನಪ್ಪಾ ಇದು' ಅಂತ ಹುಬ್ಬು ಗಂಟು ಹಾಕಿ ನೋಡುವ ಮುಖ. ಅದು ನಮ್ಮ ಠ ಅಂತ ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಕಂಪ್ಯೂಟರಿಗಾಗಿ ನಂಬರ್ ಕೊಡುವ ಪಟ್ಟಿಯಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಜಾಗಗಳನ್ನು ಎತ್ತಿಟ್ಟಿದ್ದಾರೆ. ಅದರಲ್ಲಿ ತಡಕಾಡಿದ ಯಾರಿಗೋ ಈ ಅಕ್ಷರ ಕಣ್ಣಾಗಿ ಕಂಡಿದೆ. ಮೇಲಿನ ತಲೆಕಟ್ಟು ಹುಬ್ಬು, ಒಳಗಿನ ಚುಕ್ಕೆ ಕಣ್ಣಿನ ಗುಡ್ಡೆ. ಅಳುವ ಮುಖಕ್ಕೂ ನಮ್ಮದೇ ಅಕ್ಷರ ತಗೊಂಡಿದ್ದಾರೆ: ಥ_ಥ. ಹೊಟ್ಟೆ ಸೀಳಿದ್ದು ಕಣ್ಣೀರಂತೆ!

ನನಗೆ ಇದರಲ್ಲಿ ಒಂದೇ ತೊಂದರೆ. ಇದು ಗೊತ್ತಾದ ಮೇಲೆ ಮೂರುಸಾವಿರ ಮಠದ ಕಡೆ ಹೋದಾಗ ಬೋರ್ಡಿನಲ್ಲಿರುವ ಠ ನನ್ನನ್ನೇ ನೋಡಿದ ಹಾಗೆ ಆಗುತ್ತದೆ. ನಿಮಗೂ ಇನ್ನು ಮೇಲೆ ಹಾಗೇ ಆಗುತ್ತೆ. ನನ್ನ ಬೈಬೇಡಿ.

ಇದು ಉಣಕಲ್ ಕೆರೆ. ಬಸ್ ಓಡ್ತಾ ಇದೆ, ಫೋಕಸ್ ಸಿಗಲಿಲ್ಲ. ಬಿಡಿ, ಉಣಕಲ್ ಕೆರೆ ನೋಡದವರು ಯಾರಿದ್ದೀರಿ.

ಎರಡನೆಯದು ಚಹಾದ ವಿಷಯ. ಪೇಜ್ ಸಿಗದಿದ್ದರೆ 404 ಅಂತ ಬರುತ್ತೆ, ಅದು ಎಲ್ಲರಿಗೂ ಗೊತ್ತು. 418 ಗೊತ್ತಾ? 'ನಾನು ಟೀಪಾಟ್' ಅಂತ ಅದರ ಅರ್ಥ. ತಮಾಷೆ ಅಲ್ಲ. ಅಲ್ಲ, ತಮಾಷೆಯೇ, ಆದರೆ ದಾಖಲೆಯಲ್ಲಿರುವ ತಮಾಷೆ. ಇಂಟರ್ನೆಟ್‌ನ ನಿಯಮಗಳನ್ನು ಆರ್‌ಎಫ್‌ಸಿ ಅನ್ನುವ ದಾಖಲೆಗಳಲ್ಲಿ ಬರೆದಿಡುತ್ತಾರೆ. 1998ರ ಏಪ್ರಿಲ್ 1ರಂದು ಅದೇ ಗಂಭೀರ ಧಾಟಿಯಲ್ಲಿ ಆರ್‌ಎಫ್‌ಸಿ 2324 ಬಂತು. ಇಂಟರ್ನೆಟ್ ಮೂಲಕ ಕಾಫಿ ಮಾಡಿಸುವ ನಿಯಮಾವಳಿ. ಕಾಫಿ ಮಾಡು ಅಂತ ಟೀಪಾಟ್‌ಗೆ ಹೇಳಿದರೆ ಅದು 418 ಅಂತ ಉತ್ತರ ಕೊಡಬೇಕು. ಬರೆದವರು ಲ್ಯಾರಿ ಮಸಿಂಟರ್. 2014ರಲ್ಲಿ ಇನ್ಯಾರೋ ಇದಕ್ಕೆ ಚಹಾ ಸೇರಿಸಿ ಇನ್ನೊಂದು ಆರ್‌ಎಫ್‌ಸಿ ಬರೆದರು, ಅದೂ ಏಪ್ರಿಲ್ 1ಕ್ಕೇ.

ಮಜಾ ಅಂದ್ರೆ ಪ್ರೋಗ್ರಾಮರ್‌ಗಳು ಇದನ್ನು ನಿಜವಾದ ಸಾಫ್ಟ್‌ವೇರ್ ಒಳಗೆ ಸೇರಿಸಿಬಿಟ್ಟರು. ನೋಡ್‌ಜೆಎಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿದೆ, ಗೋ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ, ಪೈಥಾನ್‌ನಲ್ಲೂ ಇದೆ. 2017ರಲ್ಲಿ ಎಚ್‌ಟಿಟಿಪಿ (ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ರೀತಿ) ನಿಯಮ ನೋಡಿಕೊಳ್ಳುವವರೇ ಬಂದು, ಇದು ಜೋಕು, ದಯವಿಟ್ಟು ತೆಗೀರಿ ಅಂತ ಕೇಳಿದರು. ಮಂದಿ ಒಪ್ಪಲಿಲ್ಲ. ಹದಿಹರೆಯದ ಒಬ್ಬ ಹುಡುಗ 418 ಉಳಿಸಿ ಅಂತ ಒಂದು ಸೈಟನ್ನೇ ಮಾಡಿದ. ಕೊನೆಗೆ ಅವರೇ ಸೋತು ಆ ನಂಬರನ್ನು ಬೇರೆ ಯಾವುದಕ್ಕೂ ಕೊಡುವುದಿಲ್ಲ ಅಂತ ಕಾದಿರಿಸಿದರು. ಹೊಸ ನಿಯಮಗಳ ಪುಸ್ತಕದಲ್ಲಿ 418ರ ಮುಂದೆ 'ಬಳಕೆಯಲ್ಲಿಲ್ಲ' ಅಂತ ಇದೆ. ನನ್ನ ಪ್ರಕಾರ ಇಡೀ ಪುಸ್ತಕದಲ್ಲಿ ಅಷ್ಟೊಂದು ಬಳಕೆಯಲ್ಲಿರುವ ಜೋಕು ಅದೊಂದೇ.

ಪಾನೀಯದ ವಿಷಯ ಬಂದಾಗ ಕೇಂಬ್ರಿಜ್ ಕಾಫಿ ಪಾತ್ರೆ ಹೇಳದೆ ಮುಂದೆ ಹೋಗೋಕಾಗಲ್ಲ. 1991ರಲ್ಲಿ ಅಲ್ಲಿನ ಕಂಪ್ಯೂಟರ್ ಲ್ಯಾಬಿನವರು ಕಾಫಿ ಯಂತ್ರದ ಮುಂದೆ ಒಂದು ಕ್ಯಾಮೆರಾ ಇಟ್ಟರು. ಯಾಕೆ? ಬೇರೆ ಕೋಣೆಯಿಂದ ಎದ್ದು ಬಂದರೆ ಪಾತ್ರೆ ಖಾಲಿ ಇರುತ್ತಿತ್ತು. ಅಷ್ಟೇ. 1993ರಲ್ಲಿ ಆ ಚಿತ್ರ ವೆಬ್‌ಗೆ ಬಂತು. ಇವತ್ತಿನ ವೆಬ್‌ಕ್ಯಾಮ್‌ಗಳ ಪೂರ್ವಜ ಅದು. ಬಣ್ಣವಿಲ್ಲದ, ಅಂಗೈಯಗಲದ ಚಿತ್ರ. ಪಾತ್ರೆಯಲ್ಲಿ ಕಾಫಿ ಇದೆಯೋ ಇಲ್ಲವೋ ನೋಡಲು ಜಗತ್ತಿನ ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು, ಅವರಿಗೆ ಆ ಕಾಫಿ ಸಿಗುವುದಿಲ್ಲ ಅಂತ ಗೊತ್ತಿದ್ದೂ. 2001ರ ಆಗಸ್ಟ್‌ನಲ್ಲಿ ಕ್ಯಾಮೆರಾ ಆಫ್ ಮಾಡಿದರು. ಕೆಟ್ಟು ಹೋಗಿದ್ದ ಆ ಯಂತ್ರವನ್ನು ಇಬೇನಲ್ಲಿ ಹರಾಜಿಗೆ ಹಾಕಿದರೆ ಜರ್ಮನಿಯ ಶ್ಪೀಗೆಲ್ ಪತ್ರಿಕೆಯ ಆನ್‌ಲೈನ್ ವಿಭಾಗ 3,350 ಪೌಂಡ್ ಕೊಟ್ಟು ತಗೊಂಡಿತು. ನಾವಾಗಿದ್ದರೆ ಮೋಡಕಾ ಅಂಗಡಿಗೆ ತೂಕಕ್ಕೆ ಹಾಕುತ್ತಿದ್ದೆವು.

ಒಂದ್ನಿಮಿಷ, ಪೇಜ್ ಲೋಡ್ ಆಗ್ತಿಲ್ಲ. ನವನಗರದ ಹತ್ತಿರ ನೆಟ್ ಹೋಯ್ತು. ಸರಿ, ನೆಟ್ ಇಲ್ಲದಾಗ ಬರುವ ಡೈನೋಸಾರ್ ಆಟ ಬಂತು. ಸ್ಪೇಸ್ ಒತ್ತಿ ಹಾರಿಸೋದು. ಕ್ರೋಮ್‌ನಲ್ಲಿ 2014ರಿಂದ ಇದೆ. ಸುಮಾರು 1 ಕೋಟಿ 70 ಲಕ್ಷ ವರ್ಷ ಓಡಿದರೆ ಈ ಆಟ ಮುಗಿಯುತ್ತೆ ಅಂತ ಮಾಡಿದವರೇ ಹೇಳಿದ್ದಾರೆ. ನಾನು ಎರಡನೇ ಕಳ್ಳಿಗೇ ಸತ್ತೆ. ನೆಟ್ ಬಂತು, ನಡೀರಿ.

ಇದು ಮಿಲಿಯನ್ ಡಾಲರ್ ಹೋಮ್‌ಪೇಜ್. ಕಣ್ಣು ನೋಯುತ್ತೆ, ಗೊತ್ತು. 2005ರಲ್ಲಿ ಅಲೆಕ್ಸ್ ಟ್ಯೂ ಅನ್ನುವ 21 ವರ್ಷದ ಇಂಗ್ಲೆಂಡಿನ ಹುಡುಗ ಕಾಲೇಜು ಫೀಸಿಗೆ ದುಡ್ಡು ಬೇಕು ಅಂತ ಒಂದು ಪೇಜ್ ಮಾಡಿದ. ಹತ್ತು ಲಕ್ಷ ಪಿಕ್ಸೆಲ್, ಒಂದು ಪಿಕ್ಸೆಲ್‌ಗೆ ಒಂದು ಡಾಲರ್. ಕನಿಷ್ಠ ಹತ್ತಕ್ಕೆ ಹತ್ತರ ಚೌಕ ತಗೋಬೇಕು. ಅದರಲ್ಲಿ ನಿಮ್ಮ ಜಾಹೀರಾತು ಹಾಕ್ಕೊಳ್ಳಿ. ಎಲ್ಲವೂ ಮಾರಾಟವಾಯಿತು! ಉಳಿದ ಕೊನೆಯ ಸಾವಿರ ಪಿಕ್ಸೆಲ್ ಹರಾಜಿನಲ್ಲಿ 38,100 ಡಾಲರ್‌ಗೆ ಹೋಯಿತು. ಒಟ್ಟು 10,37,100 ಡಾಲರ್. ಇದನ್ನು ಕೇಳಿದಾಗ ನನಗೆ ಉರಿಯಿತು. ನಾನು ಇಲ್ಲಿ ಲೋಗೊ ಸ್ವಲ್ಪ ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ ಅನ್ನಿಸಿಕೊಳ್ಳುತ್ತಾ ಕೂತಿದ್ದೇನೆ, ಅವನು ಖಾಲಿ ಚೌಕ ಮಾರಿದ. ಪೇಜ್ ಇನ್ನೂ ಇದೆ. ಒತ್ತಿ ನೋಡಿ. ಇದು ಸತ್ತಿದೆ. ಇದೂ ಇಲ್ಲ. ಇದು ಬೇರೆ ಯಾರದೋ ಕೈಗೆ ಹೋಗಿದೆ. ಈಗ ನೋಡಿದರೆ ಉರಿ ಕಡಿಮೆಯಾಗಿ ಒಂಥರಾ ಇಷ್ಟ ಆಗ್ತಿದೆ. ದುಡ್ಡು ಕೊಟ್ಟವರು ಹೋದರು, ಅವರ ಚೌಕ ಉಳಿಯಿತು. ಅಲೆಕ್ಸ್ ಮುಂದೆ ಧ್ಯಾನದ ಆ್ಯಪ್ 'ಕಾಮ್' (Calm) ಕಟ್ಟಿದವರಲ್ಲಿ ಒಬ್ಬನಾದ. ಇಷ್ಟು ಗದ್ದಲದ ಪೇಜ್ ಮಾಡಿ ಆಮೇಲೆ ಜನಕ್ಕೆ ಶಾಂತಿ ಮಾರೋದು ಅಂದ್ರೆ!

ಓಡುವ ಅಕ್ಷರ, ಮಾರ್ಕೀ. ನಮ್ಮ ಕಡೆಯ ಕಾಲೇಜು ಸೈಟುಗಳಲ್ಲಿ 'ಪ್ರವೇಶ ಪ್ರಾರಂಭ' ಅಂತ ಬಲದಿಂದ ಎಡಕ್ಕೆ ಓಡುತ್ತಲ್ಲ, ಅದು. ಹಳೇ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕಾಲದ್ದು. ನಿಯಮದ ಪ್ರಕಾರ ಅದನ್ನು ಬಳಸಲೇಬಾರದು. ಆದರೆ ಇವತ್ತಿನ ಬ್ರೌಸರ್‌ಗಳೂ ಓಡಿಸುತ್ತವೆ. ಮಿನುಗುವ ಅಕ್ಷರದ ಬ್ಲಿಂಕ್‌ಗೆ ಆ ಅದೃಷ್ಟ ಇರಲಿಲ್ಲ. 2013ರಲ್ಲಿ ಫೈರ್‌ಫಾಕ್ಸ್ ಕೂಡ ಅದನ್ನು ಬಿಟ್ಟಿತು. ಮಾರ್ಕೀ ಅಂದ್ರೆ ನನಗೆ ಆಗೋದಿಲ್ಲ. ಓದುವಷ್ಟರಲ್ಲಿ ಹೋಗಿರುತ್ತೆ. ಆದರೆ ಒಂದು ಮಾತು, ಗ್ರಾಹಕರು 'ಓಡಬೇಕ್ರೀ' ಅಂದಾಗ ಒಂದೇ ಸಾಲಿನಲ್ಲಿ ಕೆಲಸ ಮುಗಿಯುತ್ತೆ. ಹಾಗಾಗಿ ಇರಲಿ ಬಿಡಿ, ಪಾಪ.

ಈಗ ಅಸಲಿ ವಿಷಯ. ಇದನ್ನು ಹೇಳಬೇಕು ಅಂತಲೇ ಇವತ್ತು ಕ್ಯಾಮೆರಾ ತೆಗೆದಿದ್ದು.

ಹುಬ್ಬಳ್ಳಿ ಅನ್ನೋ ಪದದಲ್ಲಿ ಎಷ್ಟು ಅಕ್ಷರ? ಮೂರು. ಒಂದನೇ ಕ್ಲಾಸಿನ ಮಗುವೂ ಹೇಳುತ್ತೆ. ವೆಬ್ ಪೇಜುಗಳ ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟ್‌ಗೆ ಕೇಳಿ. ಸ್ಕ್ರೀನ್ ನೋಡಿ: 9. ಹ ಒಂದು, ಅದರ ಕೊಂಬು ಒಂದು, ಬ ಒಂದು, ಅರ್ಧಾಕ್ಷರ ಮಾಡುವ ಹಲಂತ ಚಿಹ್ನೆ (್) ಒಂದು, ಒತ್ತಿನ ಬ ಇನ್ನೊಂದು, ಹೀಗೆ. ಧಾರವಾಡ 6, ಹಾವೇರಿಯೂ 6. ಗದಗ ಮಾತ್ರ 3 ಅಂದರೆ 3. ಗದಗಿನವರು ಸುಖಿಗಳು. ಇನ್ನು ಲಿಂಕ್ ಮಾಡಿದಿರೋ, ಕಥೆಯೇ ಬೇರೆ. ಒಂದೊಂದಕ್ಕೂ ಮೂರು ಬೈಟ್ (ಕಂಪ್ಯೂಟರಿನ ಅಳತೆ, ಒಂದು ಬೈಟ್ ಅಂದ್ರೆ 8 ಬಿಟ್), ಒಂದೊಂದು ಬೈಟ್‌ಗೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ. ಹುಬ್ಬಳ್ಳಿ ಅನ್ನುವ ಒಂದು ಪದ ಲಿಂಕಿನಲ್ಲಿ 81 ಅಕ್ಷರ ಆಗುತ್ತೆ. ವಾಟ್ಸಾಪಿಗೆ ಹಾಕಿದರೆ ನಮ್ಮ ರೈಲ್ವೆ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರಂ ಇದ್ದ ಹಾಗೆ, ಮುಗಿಯೋದೇ ಇಲ್ಲ.

ಇಲ್ಲಿವರೆಗೆ ನಗು. ದುಡ್ಡು ಶುರುವಾಗೋದು ಎಸ್ಸೆಮ್ಮೆಸ್‌ನಲ್ಲಿ.

ದುರ್ಗದಬೈಲಿನ ಹತ್ತಿರ ಒಂದು ಬಟ್ಟೆ ಅಂಗಡಿ. ಹೆಸರು ಬೇಡ. ಅವರ ಸೈಟ್ ನಾನೇ ಮಾಡಿದ್ದು. ನಾಗರ ಪಂಚಮಿಗೆ ನಾಲ್ಕು ಸಾವಿರ ಗ್ರಾಹಕರಿಗೆ ಕನ್ನಡದಲ್ಲಿ ಎಸ್ಸೆಮ್ಮೆಸ್ ಕಳಿಸಿದರು. ಒಂದಕ್ಕೆ 20 ಪೈಸೆ, ಲೆಕ್ಕಕ್ಕೆ 800 ರೂಪಾಯಿ ಆಗಬೇಕು. 2,400 ಕತ್ತರಿಸಿತು. ಫೋನ್ ಬಂತು ನನಗೆ. "ಅಲ್ರೀ, ನಾ ಕಳಿಸಿದ್ದು ಒಂದ ಮೆಸೇಜ್. ಮೂರಕ್ಕ ಯಾಕ ರೊಕ್ಕ ಹಿಡದಾರ? ಮಂದಿ ಮೊಬೈಲಿಗೆ ಮೂರು ಬಂದಾವೇನು? ಒಂದ ಬಂದೈತಿ." ನಾನು ಬಾಯಿ ತೆಗೆಯುವ ಮೊದಲೇ ಮುಂದಿನದು: "ಇಂಗ್ಲೀಷಿನಾಗ ಕಳಿಸಿದ್ರ ಒಂದ ಹಿಡೀತಾರಂತ. ಕನ್ನಡಕ್ಕೇನು ದಂಡ ಏನು?"

ಇದಕ್ಕೆ ಉತ್ತರ ಹೇಳಲು 1985ಕ್ಕೆ ಹೋಗಬೇಕು. ಜರ್ಮನಿಯ ಬಾನ್‌ನಲ್ಲಿ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಅನ್ನುವ ಎಂಜಿನಿಯರ್, ಎಸ್ಸೆಮ್ಮೆಸ್ ಎಷ್ಟು ಉದ್ದ ಇರಬೇಕು ಅಂತ ತಿಳಿಯಲು, ಮನೆಯಲ್ಲಿ ಟೈಪ್‌ರೈಟರ್ ಮುಂದೆ ಕೂತು ಮನಸ್ಸಿಗೆ ಬಂದ ಸಾಲುಗಳನ್ನು ಕುಟ್ಟಿದರು. ಪ್ರತಿಯೊಂದರ ಅಕ್ಷರ, ಖಾಲಿ ಜಾಗ ಎಲ್ಲ ಎಣಿಸಿದರು. ಹೆಚ್ಚಿನವು ಒಂದೆರಡು ಸಾಲು, 160ರ ಒಳಗೇ ಬಂದವು. 160 ಸಾಕು ಅಂತಾಯಿತು. ಒಂದು ಎಸ್ಸೆಮ್ಮೆಸ್ ಒಳಗೆ 140 ಬೈಟ್ ಹಿಡಿಯುತ್ತೆ. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕಾಗುವುದರಿಂದ 160 ಕೂರುತ್ತವೆ. ಕನ್ನಡಕ್ಕೆ ಎಸ್ಸೆಮ್ಮೆಸ್ ಲೆಕ್ಕದಲ್ಲಿ (ಲಿಂಕಿನ ಲೆಕ್ಕ ಬೇರೆ) ಒಂದೊಂದಕ್ಕೂ ಎರಡು ಬೈಟ್ ಬೇಕು. ಕೂರುವುದು 70. ಅದಕ್ಕಿಂತ ಜಾಸ್ತಿಯಾದರೆ ತುಂಡು ಮಾಡುತ್ತಾರೆ, ತುಂಡುಗಳನ್ನು ಮತ್ತೆ ಜೋಡಿಸುವ ಮಾಹಿತಿಗೆ ಜಾಗ ಹೋಗಿ ತುಂಡಿಗೆ 67 ಮಾತ್ರ. ಮೊಬೈಲ್ ಅದನ್ನು ಜೋಡಿಸಿ ಒಂದೇ ಅಂತ ತೋರಿಸುತ್ತೆ. ಬಿಲ್ಲು ಜೋಡಿಸುವುದಿಲ್ಲ. ಇಂಗ್ಲಿಷ್ ಮೆಸೇಜಿನಲ್ಲಿ ಒಂದೇ ಒಂದು ₹ ಚಿಹ್ನೆ ಹಾಕಿದರೂ ಇಡೀ ಮೆಸೇಜ್ 70ರ ಲೆಕ್ಕಕ್ಕೆ ಬೀಳುತ್ತೆ, ಗೊತ್ತಾ?

ನನಗೆ ಸಿಟ್ಟು ಹಿಲ್ಲೆಬ್ರಾಂಡ್ ಮೇಲಲ್ಲ. ಅವರ ಟೈಪ್‌ರೈಟರಿನಲ್ಲಿ ಒತ್ತಕ್ಷರ ಇರಲಿಲ್ಲ, ಮುಗೀತು. ಸಿಟ್ಟು ಆ ಎಸ್ಸೆಮ್ಮೆಸ್ ಮಾರುವವರ ಮೇಲೆ. ಡ್ಯಾಶ್‌ಬೋರ್ಡ್‌ನಲ್ಲಿ ಹಸಿರು ಬಟನ್, ಗಾಳಿಪಟದ ಚಿತ್ರ, ಕಳಿಸಿದ ಮೇಲೆ ಹೂವಿನ ಮಳೆ, ಎಲ್ಲ ಇದೆ. 'ಇದು ಮೂರು ತುಂಡು ಆಗುತ್ತೆ' ಅನ್ನೋ ಒಂದು ಸಾಲು ಕಳಿಸುವ ಮುಂಚೆ ಎಲ್ಲೂ ಇಲ್ಲ. ಕಳಿಸಿದ ಮೇಲೆ ರಿಪೋರ್ಟಿನಲ್ಲಿದೆ. ಅದನ್ನು ತೋರಿಸಲು ಎಷ್ಟು ಹೊತ್ತಿನ ಕೆಲಸ? ನಾನೇ ಇವತ್ತು ರಾತ್ರಿ ಬರೆದು ಕೊಡ್ತೇನೆ, ಪುಕ್ಕಟೆ. ಕಸ್ಟಮರ್ ಕೇರ್‌ಗೆ ಕೇಳಿದರೆ 'ರೀಜನಲ್ ಲ್ಯಾಂಗ್ವೇಜ್ ಸರ್' ಅಂದ್ರು, ನಾವೇನೋ ವಿಶೇಷ ಸೌಲಭ್ಯ ಕೇಳಿದ ಹಾಗೆ.

ಸತ್ತೂರು ದಾಟಿತು. ಬೇಗ ಮುಗಿಸ್ತೇನೆ.

ಸರಿ, ಮೆಸೇಜನ್ನು 70ರ ಒಳಗೆ ತರೋಣ ಅಂತ ಇಬ್ಬರೂ ಕೂತೆವು. ಅವರ ಹಳೇ ಮೆಸೇಜ್ 'ನಾಗರ ಪಂಚಮಿ ಹಬ್ಬದ ಹಾರ್ದಿಕ ಶುಭಾಶಯಗಳು' ಅಂತ ಶುರುವಾಗುತ್ತೆ. ಅಷ್ಟಕ್ಕೇ 34 ಖರ್ಚು. ಇನ್ನೂ ಅಂಗಡಿ ಹೆಸರೂ ಬಂದಿಲ್ಲ. ಕೊನೆಗೆ 'ದಯವಿಟ್ಟು ಭೇಟಿ ನೀಡಿ', ಅದಕ್ಕೆ 18. ಅವರು ಪೆನ್ನು ಕಚ್ಚಿಕೊಂಡು ಕೂತಿದ್ದವರು ಒಮ್ಮೆಲೇ ಕೇಳಿದರು: "ಬರ್ರಿ ಅಂದ್ರ ಎಷ್ಟಾಗ್ತೈತಿ?" ಎಣಿಸಿದೆ. 5!

ಅಲ್ಲಿಂದ ನೋಡಿ, ನಾವು ನಿಲ್ಲಲಿಲ್ಲ. 'ಬಂದಿವೆ' 6, 'ಬಂದಾವ' 5. ಗ್ರಂಥದ ಕನ್ನಡ ತೆಗೆದು ಮನೆಯ ಕನ್ನಡ ಹಾಕಿದ ಹಾಗೆಲ್ಲ ಬಿಲ್ಲು ಇಳಿಯುತ್ತೆ. ಕೊನೆಗೆ ಆದದ್ದು ಇದು: 'ಪಂಚಮಿಗೆ ಹೊಸ ಇಳಕಲ್ ಸೀರೆ ಬಂದಾವ. ಬರ್ರಿ.' ಚುಕ್ಕೆ, ಖಾಲಿ ಜಾಗ ಎಲ್ಲ ಸೇರಿ 36. ಅಂಗಡಿ ಹೆಸರಿಗೆ ಇನ್ನೂ 34 ಉಳಿಯಿತು. ಒಂದೇ ತುಂಡು, ಒಂದೇ ದುಡ್ಡು. ಓದಲೂ ಚೆನ್ನಾಗಿದೆ ಅಲ್ವಾ? ಅಂಗಡಿಯವರೇ ಬಾಗಿಲಲ್ಲಿ ನಿಂತು ಕರೆದ ಹಾಗಿದೆ. ಇನ್ನು ಇಂಥ ಮೆಸೇಜ್‌ಗಳಿಗೆ ಟೆಂಪ್ಲೇಟ್, ಅಂದ್ರೆ ಮೆಸೇಜಿನ ಮಾದರಿ, ನೋಂದಣಿ ಮಾಡಿಸಿ ಒಪ್ಪಿಗೆ ಪಡೀಬೇಕು. 'ಬರ್ರಿ' ನೋಡಿ ಅಲ್ಲಿ ಏನಂತಾರೋ, ಈ ವಾರ ಹಾಕ್ತೇನೆ.

ಒಂದೇ ಕಡೆ ಅವರು ಜಗ್ಗಲಿಲ್ಲ. ಅಂಗಡಿ ಹೆಸರಿನ ಮೊದಲಿಗೆ ಶ್ರೀ ಇರಲೇಬೇಕು. ಶ್ರೀಗೆ 4 ಹಿಡಿಯುತ್ತೆ ಅಂದೆ. "ನಲವತ್ತು ಹಿಡೀಲಿ, ದೇವರದಾಗ ಲೆಕ್ಕ ಹಾಕಬ್ಯಾಡ್ರಿ" ಅಂದ್ರು.

ಜುಬಿಲಿ ಸರ್ಕಲ್ ಬಂತು, ಇಳೀಬೇಕು. ನಿಮ್ಮೂರಿನ ಹೆಸರು ಎಷ್ಟು ಆಗುತ್ತೆ ಅಂತ ಎಣಿಸಿ ಕಮೆಂಟ್ ಹಾಕಿ. ರಾಣೆಬೆನ್ನೂರಿನವರು ಮೊದಲು, ನನಗೆ ಕುತೂಹಲ ಇದೆ. ಬ್ಯಾಗ್... ಬ್ಯಾಗ್ ಎಲ್ಲಿ, ಹಾಂ, ಇದೆ. ಬರ್ತೇನ್ರಿ.