ಪರದೇಶಕ್ಕೆ ಹೊರಡುವ ಮುನ್ನ ಬರೆಯಬೇಕಾದ ಲೆಕ್ಕ

ವೇದಿಕೆಯ ಮೇಲಿರುವ ಹಿರಿಯರೇ, ಈ ವರ್ಷ ನರ್ಸಿಂಗ್, ಎಂಜಿನಿಯರಿಂಗ್, ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿ ಹೊರದೇಶಕ್ಕೆ ಅರ್ಜಿ ಹಾಕಿರುವ ಯುವಮಿತ್ರರೇ, ಅವರ ಜೊತೆಗೆ ಬಂದಿರುವ ತಂದೆ ತಾಯಂದಿರೇ,

ಉಡುಪಿಯ ಸಭೆಯಲ್ಲಿ ನಿಂತು ಪರದೇಶವೆಂದರೇನು ಎಂದು ವಿವರಿಸುವ ಅಗತ್ಯವಿಲ್ಲ. ಅಜ್ಜಂದಿರ ಕಾಲದಲ್ಲಿ ಮುಂಬಯಿಯ ಹೋಟೆಲುಗಳಿಗೆ ಹೋದವರು, ಅವರ ನಂತರ ಕುವೈತ್, ದಮ್ಮಾಮ್, ಜುಬೈಲ್, ಅಬುಧಾಬಿಗಳಿಗೆ ಹೋದವರು ಬಂಧುಬಳಗದಲ್ಲಿ ಒಬ್ಬರೂ ಇಲ್ಲದ ಮನೆ ಈ ಜಿಲ್ಲೆಯಲ್ಲಿ ವಿರಳ. ಹೋಗಬೇಡಿ ಎಂದು ಹೇಳಲು ನಾನು ಬಂದಿಲ್ಲ. ಬ್ಯಾಂಕಿನಲ್ಲಿ ಅನಿವಾಸಿ ಭಾರತೀಯರ ಖಾತೆಗಳನ್ನು ನೋಡಿಕೊಳ್ಳುತ್ತ ಸೇವೆಯ ಬಹುಪಾಲನ್ನು ಕಳೆದ ನನಗೆ, ದೊಡ್ಡ ಸಂಬಳವಿದ್ದೂ ಖಾತೆಯಲ್ಲಿ ಹಣ ನಿಲ್ಲದವರು ಎಷ್ಟು ಪರಿಚಿತರೋ, ಸಾಧಾರಣ ಸಂಬಳದಲ್ಲಿ ಮನೆ ಕಟ್ಟಿಸಿ, ತಂಗಿಯರ ಮದುವೆ ಮಾಡಿಸಿ ನೆಮ್ಮದಿಯಿಂದ ಊರಿಗೆ ಮರಳಿದವರೂ ಅಷ್ಟೇ ಪರಿಚಿತರು. ಈ ಎರಡು ಗುಂಪುಗಳ ನಡುವಿನ ಅಂತರ ಬಹಳಷ್ಟು ಸಲ ನಿರ್ಧಾರವಾಗುತ್ತಿದ್ದುದು ವಿಮಾನ ಹತ್ತುವ ಮೊದಲೇ, ಊರಿನ ಮನೆಯ ಮೇಜಿನ ಮೇಲೆ.

ಆಫರ್ ಲೆಟರ್ ಬಂದ ದಿನ ನಮ್ಮ ಮನೆಗಳಲ್ಲಿ ಮೊದಲು ನಡೆಯುವುದು ಗುಣಾಕಾರ. ಸಂಬಳ ಇಷ್ಟು ದಿರ್ಹಮ್, ದಿರ್ಹಮಿಗೆ ಇಷ್ಟು ರೂಪಾಯಿ, ಒಟ್ಟು ಇಷ್ಟು ಲಕ್ಷ! ಈ ಗುಣಾಕಾರದ ಮೇಲೆ ಸಾಲ, ಮದುವೆಯ ಮಾತುಕತೆ, ರಾಜೀನಾಮೆ ಎಲ್ಲವೂ ನಿಲ್ಲುತ್ತವೆ. ನನ್ನ ವಿನಂತಿ ಒಂದೇ: ಅಲ್ಲಿ ಖರ್ಚಾಗುವ ಹಣವನ್ನು ರೂಪಾಯಿಗೆ ಗುಣಿಸಬೇಡಿ, ಉಳಿದು ಊರಿಗೆ ಬರುವ ಹಣವನ್ನು ಮಾತ್ರ ಗುಣಿಸಿ.

ಒಂದು ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಬ್ರಹ್ಮಾವರದ ಕಡೆಯ ಒಬ್ಬ ಯುವಕ ಪತ್ನಿಯೊಂದಿಗೆ ನನ್ನ ಬಳಿ ಬಂದಿದ್ದ. ಮಣಿಪಾಲದಲ್ಲಿ ಆತನಿಗೆ 68,000 ರೂಪಾಯಿ ಸಂಬಳವಿತ್ತು. ಆಕೆ ಶಾಲೆಯೊಂದರಲ್ಲಿ ಶಿಕ್ಷಕಿ, 32,000 ರೂಪಾಯಿ. ದುಬೈಯಿಂದ ಬಂದಿದ್ದ ಪತ್ರದಲ್ಲಿ 9,000 ದಿರ್ಹಮ್ ಎಂದಿತ್ತು. ದಿರ್ಹಮಿಗೆ 23 ರೂಪಾಯಿಯಂತೆ ಎರಡು ಲಕ್ಷದ ಏಳು ಸಾವಿರ ಎಂದು ಪತ್ರದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದು, ಅದರ ಕೆಳಗೆ ಎರಡು ಗೆರೆ ಎಳೆದಿದ್ದರು. ಕುಟುಂಬಸಮೇತ ಹೋಗುವುದೆಂದು ತೀರ್ಮಾನವೂ ಆಗಿತ್ತು.

ನಾನು ಒಂದು ಹಾಳೆ ತೆಗೆದು ಮಧ್ಯೆ ಗೆರೆ ಎಳೆದು, ಒಂದು ಬದಿಗೆ ಅಲ್ಲಿ, ಇನ್ನೊಂದು ಬದಿಗೆ ಇಲ್ಲಿ ಎಂದು ಬರೆದೆ. ಮೊದಲು ಬಾಡಿಗೆ. ಅವರು ವಿಚಾರಿಸಿದ್ದ ಒಂದು ಬೆಡ್‌ರೂಮಿನ ಮನೆಗೆ ವರ್ಷಕ್ಕೆ 60,000 ದಿರ್ಹಮ್. ಅಲ್ಲಿ ಬಾಡಿಗೆಯನ್ನು ನಮ್ಮಂತೆ ತಿಂಗಳು ತಿಂಗಳು ಕೊಡುವ ಬದಲು ಮುಂದಿನ ದಿನಾಂಕ ಹಾಕಿದ ಚೆಕ್ಕುಗಳಲ್ಲಿ ಕೊಡುವುದು ಹಳೆಯ ರೂಢಿ. ನಾಲ್ಕು ಚೆಕ್ಕುಗಳಾದರೆ ಮೊದಲನೆಯದು 15,000. ಶೇಕಡ 5ರ ಠೇವಣಿ 3,000, ದಲ್ಲಾಳಿಯ ಕಮಿಷನ್ ಇನ್ನೊಂದು 3,000, ವಿದ್ಯುತ್ ಮತ್ತು ನೀರಿನ ಸಂಪರ್ಕದ ಠೇವಣಿ 2,000. ಹೀಗೆ ಮೊದಲ ಸಂಬಳ ಕಣ್ಣಿಗೆ ಬೀಳುವ ಮೊದಲೇ 23,000 ದಿರ್ಹಮ್ ಕೈಬಿಡಬೇಕು. ಊರಿನಿಂದ ಹೊಂದಿಸಿ ಒಯ್ಯುವ ಈ ಹಣವನ್ನು ನೀವು ಗುಣಿಸಲೇಬೇಕು: ಐದು ಲಕ್ಷದ ಇಪ್ಪತ್ತೊಂಬತ್ತು ಸಾವಿರ ರೂಪಾಯಿ. ಅವರ ಹಾಳೆಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

ಅನಂತರ ತಿಂಗಳ ಲೆಕ್ಕ. ಬಾಡಿಗೆ 5,000. ದುಬೈ ನಗರಾಡಳಿತ ವಾರ್ಷಿಕ ಬಾಡಿಗೆಯ ಶೇಕಡ 5ರಷ್ಟು ವಸತಿ ಶುಲ್ಕವನ್ನು ವಿದ್ಯುತ್ ಬಿಲ್ಲಿನ ಜೊತೆಗೇ ವಸೂಲು ಮಾಡುತ್ತದೆ, ಅದು 250. ಮಗುವಿನ ಶಾಲೆಗೆ 1,250. ಕರೆಂಟು, ನೀರು, ಫೋನು, ಇಂಟರ್ನೆಟ್ಟಿಗೆ 800. ಅಕ್ಕಿ, ಮೀನು, ತರಕಾರಿ, ಬಸ್ಸು, ಮೆಟ್ರೋ ಎಲ್ಲವನ್ನೂ ಹೊಟ್ಟೆಬಟ್ಟೆ ಕಟ್ಟಿ ನಡೆಸಿದರೆ 1,500. ಉಳಿದದ್ದು 200 ದಿರ್ಹಮ್, ಅಂದರೆ 4,600 ರೂಪಾಯಿ. ಊರಿಗೆ ಬಂದುಹೋಗುವ ಟಿಕೆಟ್ಟಿನ ಹಣವನ್ನು ನಾವು ಇನ್ನೂ ಬರೆದಿರಲಿಲ್ಲ.

ಅಷ್ಟು ಹೊತ್ತು ಮಾತಾಡದೆ ಕುಳಿತಿದ್ದ ಆಕೆ ಆಗ ಕೇಳಿದ ಪ್ರಶ್ನೆ ಇದು: “ಇದರಲ್ಲಿ ನನ್ನ ಸಂಬಳ ಎಲ್ಲಿದೆ ಸರ್?” ಗುಣಾಕಾರ ಎಂದೂ ಕೇಳದ ಪ್ರಶ್ನೆ ಅದು. ಆಕೆ ಕೆಲಸ ಬಿಟ್ಟು ಹೊರಟರೆ ಆ 32,000 ರೂಪಾಯಿ ಹೊರದೇಶದ ಬದಿಯ ಖರ್ಚು ಎಂದೇ ಬರೆಯಬೇಕು. ಊರಿನ ಬದಿಯನ್ನು ತುಂಬಿಸುತ್ತ ಹೋದಂತೆ ಇನ್ನೂ ಕೆಲವು ಸಂಗತಿಗಳು ಹೊರಬಿದ್ದವು. ಇರುವುದು ತಾಯಿಯ ಮನೆ, ಬಾಡಿಗೆಯಿಲ್ಲ. ನೀರು ಅಂಗಳದ ಬಾವಿಯದು. ತೆಂಗಿನಕಾಯಿ ಹಿತ್ತಲಿನದು. ಮಗುವನ್ನು ಹಗಲಿಡೀ ನೋಡಿಕೊಳ್ಳುವವರು ಅಜ್ಜಿ. ಯಾವ ರಸೀದಿಯೂ ಇಲ್ಲದ ಕಾರಣ ಇವುಗಳಿಗೆ ಬೆಲೆಯಿಲ್ಲವೆಂದು ನಾವು ಭಾವಿಸುತ್ತೇವೆ. ಅವರಿಬ್ಬರೂ ಆಗ ತಿಂಗಳಿಗೆ 35,000 ರೂಪಾಯಿಯನ್ನು ಆರ್‌ಡಿಗೆ ಕಟ್ಟುತ್ತಿದ್ದರು. ಹೋಲಿಸಬೇಕಾದದ್ದು ಎರಡು ಲಕ್ಷದ ಏಳು ಸಾವಿರವನ್ನೂ 68,000ವನ್ನೂ ಅಲ್ಲ, 4,600ನ್ನೂ 35,000ವನ್ನೂ.

ಹಾಗಾದರೆ ಒಬ್ಬನೇ ಹೋದರೆ? ಅದನ್ನೂ ಬರೆದೆವು. ಹಂಚಿಕೊಂಡ ಕೋಣೆಯಲ್ಲಿ ಬೆಡ್ ಸ್ಪೇಸಿಗೆ 900, ಊಟಕ್ಕೆ 700, ಓಡಾಟ ಮತ್ತು ಫೋನಿಗೆ 500, ಇತರ 400. ಉಳಿಯುವುದು 6,500 ದಿರ್ಹಮ್. ಇದನ್ನು ಧಾರಾಳವಾಗಿ ಗುಣಿಸಬಹುದು; ಸುಮಾರು ಒಂದೂವರೆ ಲಕ್ಷ ರೂಪಾಯಿ, ಆಕೆಯ ಸಂಬಳವೂ ಉಳಿಯುತ್ತದೆ. ಕರಾವಳಿಯ ಗಲ್ಫ್ ಉಳಿತಾಯ ಬಹುಮಟ್ಟಿಗೆ ಹೀಗೆ ಒಂಟಿಯಾಗಿ ದುಡಿದವರ ಉಳಿತಾಯ ಎಂಬುದು ನನ್ನ ಅಭಿಪ್ರಾಯ. ಅದರ ಬದಲಿಗೆ ಅವರು ಕೊಟ್ಟದ್ದನ್ನು, ಮಕ್ಕಳ ಬಾಲ್ಯವನ್ನು ಫೋನಿನಲ್ಲಿ ಕಂಡದ್ದನ್ನು, ಆ ಹಾಳೆಯ ಯಾವ ಸಾಲಿನಲ್ಲಿ ಬರೆಯಬೇಕೆಂದು ಗಂಡ ಹೆಂಡತಿ ಸೇರಿಯೇ ತೀರ್ಮಾನಿಸಬೇಕು.

ಆ ಯುವಕ ಒಬ್ಬನೇ ಹೋದ. ಹೋಗುವ ಮುನ್ನ ಇನ್ನೊಂದು ಕೆಲಸ ಮಾಡಿದ. ಪತ್ರದಲ್ಲಿ ಮೂಲ ವೇತನ 4,500, ಮನೆ ಬಾಡಿಗೆ ಭತ್ಯೆ 3,000, ಪ್ರಯಾಣ ಭತ್ಯೆ 1,500 ಎಂದಿತ್ತು. ಯುಎಇಯ ಕಾನೂನಿನಂತೆ ಕೆಲಸ ಬಿಡುವಾಗ ಸಿಗುವ ಗ್ರಾಚುಟಿ ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 21 ದಿನಗಳ, ಆಮೇಲೆ ವರ್ಷಕ್ಕೆ 30 ದಿನಗಳ ವೇತನ. ಲೆಕ್ಕಕ್ಕೆ ಬರುವುದು ಮೂಲ ವೇತನ ಮಾತ್ರ. ಒಟ್ಟು ಸಂಬಳವನ್ನು ಹಾಗೆಯೇ ಇಟ್ಟು ಮೂಲ ವೇತನವನ್ನು 6,000ಕ್ಕೆ ಏರಿಸುವಂತೆ ಆತ ಕೇಳಿದ, ಕಂಪನಿ ಒಪ್ಪಿತು. ಸಹಿ ಹಾಕಿದ ಮೇಲೆ ಕೇಳಿದ್ದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಅಲ್ಲಿನ ಖರ್ಚನ್ನು ರೂಪಾಯಿಗೆ ಗುಣಿಸಬೇಡಿ ಎಂಬ ನನ್ನ ಮಾತಿಗೆ ಅರ್ಥಶಾಸ್ತ್ರದ ಆಧಾರವೂ ಇದೆ. ವಿಶ್ವಬ್ಯಾಂಕಿನ ನೇತೃತ್ವದಲ್ಲಿ ದೇಶದೇಶಗಳ ಬೆಲೆಗಳನ್ನು ಹೋಲಿಸುವ ಕಾರ್ಯಕ್ರಮವೊಂದಿದೆ. ಅದರ 2017ರ ಲೆಕ್ಕದಲ್ಲಿ ಮಾರುಕಟ್ಟೆಯ ವಿನಿಮಯ ದರ ಡಾಲರಿಗೆ 65.12 ರೂಪಾಯಿ, ಕೊಳ್ಳುವ ಶಕ್ತಿಯ ದರ 20.65 ರೂಪಾಯಿ. ಅಂದರೆ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸರಕು ಸೇವೆಗಳು ನಮ್ಮ ದೇಶದಲ್ಲಿ ಸರಾಸರಿ 21 ರೂಪಾಯಿಯೊಳಗೆ ಸಿಗುತ್ತಿದ್ದವು. ಮಾರುಕಟ್ಟೆಯ ದರದಲ್ಲಿ ಗುಣಿಸಿದವರು ಅಲ್ಲಿನ ಬದುಕನ್ನು ಮೂರು ಪಟ್ಟು ಹಿಗ್ಗಿಸಿ ನೋಡಿದಂತಾಯಿತು. ಊರಿಗೆ ಬಂದ ಉಳಿತಾಯಕ್ಕೆ ಮಾತ್ರ ಮಾರುಕಟ್ಟೆಯ ದರವೇ ಸಿಗುತ್ತದೆ. ದಿರ್ಹಮ್ ಡಾಲರಿಗೆ 3.6725ರಂತೆ, ಸೌದಿ ರಿಯಾಲ್ 3.75ರಂತೆ ಕಟ್ಟಿಹಾಕಿಕೊಂಡಿರುವುದರಿಂದ ರೂಪಾಯಿ ಕುಸಿದಾಗಲೆಲ್ಲ ಆ ಉಳಿತಾಯ ಇಲ್ಲಿ ಬೆಳೆಯುತ್ತದೆ.

ಯುವಕರು ಮೊಬೈಲಿನಲ್ಲಿ ನೋಡುವ ಜೀವನ ವೆಚ್ಚದ ಸೂಚ್ಯಂಕಗಳ ಬಗ್ಗೆಯೂ ಎಚ್ಚರವಿರಲಿ. ನಂಬಿಯೋ ಎಂಬ ಜಾಲತಾಣದಲ್ಲಿ ನ್ಯೂಯಾರ್ಕ್ ನಗರವನ್ನು 100 ಎಂದು ಇಟ್ಟು ಉಳಿದ ನಗರಗಳನ್ನು ಅಳೆಯುತ್ತಾರೆ, ಬೆಲೆಗಳನ್ನು ಬಹುಪಾಲು ಬಳಕೆದಾರರೇ ತುಂಬುತ್ತಾರೆ, ಮತ್ತು ಜೀವನ ವೆಚ್ಚದ ಮುಖ್ಯ ಸೂಚ್ಯಂಕದಲ್ಲಿ ಬಾಡಿಗೆ ಸೇರಿರುವುದಿಲ್ಲ. ಅದಕ್ಕೆ ಬೇರೆ ಸೂಚ್ಯಂಕವಿದೆ. ಈಗ ತಾನೇ ಕಂಡಂತೆ, ಸಂಬಳದ ಅರ್ಧಕ್ಕಿಂತ ಹೆಚ್ಚನ್ನು ನುಂಗಿದ್ದೇ ಆ ಬಾಡಿಗೆ. ಮರ್ಸರ್‌ನಂಥ ಸಂಸ್ಥೆಗಳ ಸಮೀಕ್ಷೆ ಇರುವುದು ಅಧಿಕಾರಿಗಳನ್ನು ಹೊರದೇಶಕ್ಕೆ ಕಳುಹಿಸುವ ಕಂಪನಿಗಳಿಗಾಗಿ. ಅವರು ಅಳೆಯುವ ಬದುಕು ನಮ್ಮ ನರ್ಸ್ ಒಬ್ಬಳ ಬದುಕಲ್ಲ. ಅದೇ ಊರಿನಲ್ಲಿ, ಅದೇ ಸಂಬಳದಲ್ಲಿ, ಅಷ್ಟೇ ಜನರ ಸಂಸಾರ ನಡೆಸುತ್ತಿರುವ ನಮ್ಮವರೊಬ್ಬರು ಒಂದು ತಿಂಗಳ ಖರ್ಚನ್ನು ಬರೆದು ಕಳುಹಿಸಿದರೆ, ಅದು ಇವೆಲ್ಲಕ್ಕಿಂತ ಹೆಚ್ಚು ಉಪಯುಕ್ತ.

ನಿಯಮಗಳೂ ಬದಲಾಗುತ್ತವೆ. ಸೌದಿ ಅರೇಬಿಯಾ 2017ರ ಜುಲೈಯಲ್ಲಿ ಪ್ರತಿ ಅವಲಂಬಿತರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಆರಂಭಿಸಿ, 2020ರ ಹೊತ್ತಿಗೆ ಅದನ್ನು 400ಕ್ಕೆ ಏರಿಸಿತು. ಪತ್ನಿ ಮತ್ತು ಇಬ್ಬರು ಮಕ್ಕಳಿದ್ದರೆ ವರ್ಷಕ್ಕೆ 14,400 ರಿಯಾಲ್. 2018ರಲ್ಲಿ ಶೇಕಡ 5 ಇದ್ದ ವ್ಯಾಟ್ 2020ರ ಜುಲೈಯಿಂದ ಶೇಕಡ 15 ಆಯಿತು. ಆದಾಯ ತೆರಿಗೆ ಇಲ್ಲವೆಂಬ ಒಂದೇ ಮಾತನ್ನು ನಂಬಿ ಹೋದ ಅನೇಕರು ಕುಟುಂಬವನ್ನು ಊರಿಗೆ ಕಳುಹಿಸಬೇಕಾಯಿತು.

ಸಮಯವಾಯಿತೆಂದು ಸಂಘಟಕರು ಚೀಟಿ ಕಳುಹಿಸಿದ್ದಾರೆ. ಆದ್ದರಿಂದ ಯುರೋಪು ಮತ್ತು ಕೆನಡಾದ ಬಗ್ಗೆ ಒಂದೆರಡು ಮಾತು ಮಾತ್ರ. ಜರ್ಮನಿಯಲ್ಲಿ ತೆರಿಗೆ, ವಿಮೆಗಳ ಕಡಿತ ದೊಡ್ಡದು. ಆದರೆ ಸರ್ಕಾರಿ ಶಾಲೆಗೆ ಶುಲ್ಕವಿಲ್ಲ, ಸಾರ್ವಜನಿಕ ಆರೋಗ್ಯ ವಿಮೆಯಲ್ಲಿ ಆದಾಯವಿಲ್ಲದ ಪತ್ನಿಗೂ ಮಕ್ಕಳಿಗೂ ಪ್ರತ್ಯೇಕ ಕಂತಿಲ್ಲ. ಬ್ರಿಟನ್ನಿನಲ್ಲಿ ವೀಸಾದ ಜೊತೆಗೆ ಕಟ್ಟುವ ಆರೋಗ್ಯ ಶುಲ್ಕ 2024ರ ಫೆಬ್ರವರಿಯಿಂದ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್. ಆರೋಗ್ಯ ಸೇವೆಯ ವೀಸಾದಲ್ಲಿ ಹೋಗುವ ನರ್ಸುಗಳಿಗೆ ವಿನಾಯಿತಿ ಇದೆ. ಕೆನಡಾಕ್ಕೆ ಓದಲು ಹೋಗುವವರು ತೋರಿಸಬೇಕಾದ ಜೀವನ ವೆಚ್ಚದ ಹಣ 10,000 ಕೆನಡಾ ಡಾಲರಿನಿಂದ 2024ರ ಜನವರಿಯಲ್ಲಿ 20,635ಕ್ಕೆ, 2025ರ ಸೆಪ್ಟೆಂಬರಿನಲ್ಲಿ 22,895ಕ್ಕೆ ಏರಿದೆ. ಹಿಂದೆ ಹೋದವರ ಲೆಕ್ಕ ಇಂದಿಗೆ ಹೊಂದುವುದಿಲ್ಲ.

ಕಂಪನಿಯೇ ವಸತಿ ಕೊಡುತ್ತದೆ ಎಂದು ಪತ್ರದಲ್ಲಿದ್ದರೆ ಅಲ್ಲಿಗೆ ನಿಲ್ಲಬೇಡಿ. 2024ರ ಜೂನ್ 12ರಂದು ಕುವೈತಿನ ಮಂಗಫ್‌ನಲ್ಲಿ ಕಾರ್ಮಿಕರು ತಂಗಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 45 ಮಂದಿ ಭಾರತೀಯರು ತೀರಿಕೊಂಡರು. ಕೋಣೆಗೆ ಎಷ್ಟು ಜನ, ಶೌಚಾಲಯ ಎಷ್ಟು ಜನರಿಗೆ, ಹೊರಹೋಗುವ ದಾರಿ ಎಷ್ಟು, ಮಹಡಿಯ ಬಾಗಿಲಿಗೆ ಬೀಗ ಹಾಕುತ್ತಾರೆಯೇ ಎಂದು ಈಗಾಗಲೇ ಅಲ್ಲಿರುವವರನ್ನು ಕೇಳಿ. ಒಂದು ವೀಡಿಯೊ ಕಳುಹಿಸಲು ಹೇಳಿ. ಸಂಬಳ ಕೇಳಿದಷ್ಟೇ ಗಟ್ಟಿಯಾಗಿ ಇದನ್ನೂ ಕೇಳಬೇಕು ಎಂದು ತಂದೆ ತಾಯಂದಿರಲ್ಲಿ ಕೈಮುಗಿದು ಬೇಡುತ್ತೇನೆ.

ಕೊನೆಯದಾಗಿ ಏಜೆಂಟರ ವಿಷಯ. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಏಜೆಂಟರ ನೋಂದಣಿಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೀವೇ ಪರಿಶೀಲಿಸಬಹುದು. ವಲಸೆ ಅನುಮತಿ ಬೇಕಾದ ಪಾಸ್‌ಪೋರ್ಟಿನವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷ ರೂಪಾಯಿಯ ವಿಮೆ ಇದೆ. ಎರಡು ವರ್ಷಕ್ಕೆ ಕಂತು 275 ರೂಪಾಯಿ, ಮೂರು ವರ್ಷಕ್ಕೆ 375. ಇಂದು ಆಫರ್ ಲೆಟರ್ ತಂದಿರುವವರು ಸಭೆ ಮುಗಿದ ಮೇಲೆ ಉಳಿದುಕೊಳ್ಳಿ, ಗಂಡ ಹೆಂಡತಿ ಇಬ್ಬರೂ ಬಂದಿದ್ದರೆ ಇಬ್ಬರೂ ಕುಳಿತುಕೊಳ್ಳಿ. ಹಾಳೆ ಪೆನ್ನು ನನ್ನ ಬಳಿ ಇದೆ, ಒಬ್ಬೊಬ್ಬರದಾಗಿ ಬರೆಯೋಣ.